ಬಿಸಿಲಿನ ಲೆಕ್ಕ

ಅಂಕೋಲೆಯಲ್ಲಿ ಹುಟ್ಟಿ ಬೆಳೆದವನಿಗೆ ಬಿಸಿಲನ್ನು ಹುಡುಕಿಕೊಂಡು ಹೋಗಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ನಮ್ಮ ಕಡೆ ಬಿಸಿಲೇ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ. ಅಂಗಳದಲ್ಲಿ ಹಪ್ಪಳ, ಕೊಬ್ಬರಿ, ಒಣಮೀನು ಹರವಿಟ್ಟು, ನಾವು ಮಾತ್ರ ಒಳಗೆ ನೆರಳಿನಲ್ಲಿ ಕೂತಿರುತ್ತಿದ್ದೆವು. ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಅವ್ವ ಬಯ್ಯುತ್ತಿದ್ದಳು. ಬಿಸಿಲು ಅಂದರೆ ತಪ್ಪಿಸಿಕೊಳ್ಳಬೇಕಾದ ವಸ್ತು, ಅಷ್ಟೇ.

ಬ್ಯಾಂಕಿನವರು ನನ್ನನ್ನು 1994ರಲ್ಲಿ ದೆಹಲಿಗೆ ವರ್ಗ ಮಾಡಿದರು. ಧಾರವಾಡದಲ್ಲಿ ಎಂ.ಕಾಂ. ಮಾಡಿ, ಬ್ಯಾಂಕು ಸೇರಿ, ಹತ್ತು ವರ್ಷ ಕರ್ನಾಟಕದೊಳಗೇ ತಿರುಗಿದವನಿಗೆ ಅದು ಪರದೇಶ. ಆ ವರ್ಷದ ಡಿಸೆಂಬರಿನಲ್ಲಿ ಒಂದು ದಿನ ಊಟದ ಹೊತ್ತಿಗೆ ನೋಡುತ್ತೇನೆ, ಶಾಖೆಯಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಎದುರಿನ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಕೂತಿದ್ದಾರೆ. ಕೆಲವರ ಕೈಯಲ್ಲಿ ಶೇಂಗಾ, ಕೆಲವರ ಕೈಯಲ್ಲಿ ಕಿತ್ತಳೆ, ಹೆಂಗಸರ ಕೈಯಲ್ಲಿ ಸ್ವೆಟರಿನ ಕಡ್ಡಿ. ಹೆಡ್ ಕ್ಯಾಷಿಯರ್ ನನ್ನನ್ನು ಕರೆದು, "ಬನ್ನಿ ಸಾಹೇಬ್ರೆ, ಸ್ವಲ್ಪ ಬಿಸಿಲು ಕಾಯಿಸಿಕೊಳ್ಳಿ" ಅಂದ. ಇವರಿಗೆಲ್ಲ ತಲೆ ಕೆಟ್ಟಿದೆ ಅಂದುಕೊಂಡೆ. ಎರಡನೆಯ ಚಳಿಗಾಲಕ್ಕೆ ನಾನೂ ಶೇಂಗಾ ಸುಲಿಯುತ್ತ ಅವರ ನಡುವೆ ಕೂತಿದ್ದೆ.

ಬಿಸಿಲಿನ ಬೆಲೆ ನನಗೆ ಗೊತ್ತಾದದ್ದು ಹೀಗೆ, ಊರು ಬಿಟ್ಟ ಮೇಲೆ. ಆದರೆ ಈಗ ನಾನು ಹೇಳಹೊರಟಿರುವುದು ಆ ಬಿಸಿಲಿನ ಮೇಲೆ ನಾನು ಹೊರಿಸಿದ ಒಂದು ತಪ್ಪಿನ ಕಥೆ.

ನಾನು ನಿವೃತ್ತನಾದದ್ದು 2020ರ ಫೆಬ್ರವರಿ 29ರಂದು. ಊರಿಗೆ ಹೋಗಿ ಇರೋಣ, ಅಪ್ಪನ ಮನೆಯ ಹಂಚು ತೆಗೆಸಿ ಹೊಸದು ಹಾಕಿಸೋಣ ಅಂತ ನನಗೂ ನನ್ನ ಹೆಂಡತಿಗೂ ಇಪ್ಪತ್ತು ವರ್ಷದ ಆಸೆ. ಆದರೆ ಮಗ ಸೊಸೆ ಇಬ್ಬರೂ ದೆಹಲಿಯಲ್ಲೇ ಕೆಲಸದಲ್ಲಿದ್ದರು. ಮೊಮ್ಮಗಳು ಪುಟ್ಟಿಗೆ ಆಗ ನಾಲ್ಕು ತುಂಬಲು ಮೂರು ತಿಂಗಳು ಬಾಕಿ. ಅವಳು ಸ್ಕೂಲಿಗೆ ಹೋಗಲಿ, ಆಮೇಲೆ ನೋಡೋಣ ಅಂದುಕೊಂಡೆವು. ಮಾರ್ಚ್ 25ಕ್ಕೆ ದೇಶವೆಲ್ಲ ಬೀಗ ಹಾಕಿಕೊಂಡಿತು.

ನಮ್ಮದು ಪಶ್ಚಿಮ ದೆಹಲಿಯ ಒಂದು ಡಿಡಿಎ ಫ್ಲಾಟು, ನೆಲಮಹಡಿ. ಎದುರು ಬದಿ ಮೂರು ಅಂತಸ್ತಿನ ಸಾಲು, ಹಿಂಬದಿಗೂ ಅಂಥದ್ದೇ. ಬಾಲ್ಕನಿಗೆ ಕಬ್ಬಿಣದ ಜಾಲರಿ, ಅದರ ಹೊರಗೆ ಗಾಜು. ಬೇಸಿಗೆಯಲ್ಲಿ ಒಂದು ಗಂಟೆ, ಚಳಿಗಾಲದಲ್ಲಿ ಅದೂ ಇಲ್ಲ. ಪಾರ್ಕಿನ ಗೇಟಿಗೂ ಬೀಗ ಬಿದ್ದಾಗ ಪುಟ್ಟಿಗೆ ಉಳಿದದ್ದು ಟೀವಿ ಮತ್ತು ನಾನು. ಬೀಗ ತೆಗೆದ ಮೇಲೂ ನಾನು ಅವಳನ್ನು ಬಿಡಲಿಲ್ಲ. ಹೊರಗೆ ಹೋಗುವುದೇ ಬೇಡ, ನಾವು ನಾಲ್ಕೂ ಜನ ಅವಳ ಒಬ್ಬಳ ಸುತ್ತ ಕಾವಲು ಇದ್ದೇವಲ್ಲ ಅಂತ ನನ್ನ ವಾದ. ನವೆಂಬರಿನಲ್ಲಿ ಹೊಗೆಮಂಜು ಕವಿದಾಗ ಅವಳು ಕೇಳಿದಳು, "ಅಜ್ಜಾ, ಸೂರ್ಯನಿಗೂ ಲಾಕ್‌ಡೌನಾ?" ನಾವೆಲ್ಲ ನಕ್ಕೆವು. ಆ ಮಾತನ್ನು ಫೋನಿನಲ್ಲಿ ಊರಿಗೂ ಹೇಳಿದೆವು.

2021ರ ಜನವರಿಯಲ್ಲಿ ಅಂಕೋಲೆಯಿಂದ ಅಕ್ಕ ಫೋನು ಮಾಡಿದಳು. "ಇಲ್ಲಿ ಈಗ ಏನೂ ಇಲ್ವೋ ತಮ್ಮಾ, ಮಗೂನ ಕರ್ಕೊಂಡು ಬಾ. ಅಂಗಳದಲ್ಲಿ ಆಡ್ಕೊಂಡು ಇರ್ಲಿ." "ವೈಶಾಖದ ಬಂಡಿಹಬ್ಬಕ್ಕೆ ಬರ್ತೇವೆ ಅಕ್ಕಾ, ಅಷ್ಟರಲ್ಲಿ ಎಲ್ಲ ಸರಿ ಹೋಗ್ತದೆ" ಅಂದೆ.

ಏಪ್ರಿಲಿನಲ್ಲಿ ದೆಹಲಿಗೆ ಎರಡನೆಯ ಅಲೆ ಬಂತು. ಆ ದಿನಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಆಕ್ಸಿಜನ್ ಸಿಲಿಂಡರಿಗೆ ಜನ ಸಾಲುಗಟ್ಟಿ ನಿಂತದ್ದನ್ನು ನೀವೂ ಟೀವಿಯಲ್ಲಿ ನೋಡಿದ್ದೀರಿ. ನಮ್ಮ ಮನೆಯಲ್ಲಿ ಮೊದಲು ಜ್ವರ ಬಂದದ್ದು ನನಗೆ. ಆಮೇಲೆ ಹೆಂಡತಿಗೆ, ಮಗನಿಗೆ, ಸೊಸೆಗೆ. ಪುಟ್ಟಿಗೆ ಒಂದು ದಿನ ಮೈ ಬೆಚ್ಚಗಾಯಿತು, ಮರುದಿನ ಅವಳು ಮಂಚದಿಂದ ಮಂಚಕ್ಕೆ ಹಾರುತ್ತಿದ್ದಳು. ಮಕ್ಕಳಿಗೆ ಈ ರೋಗ ಏನೂ ಮಾಡೋದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಐದೂ ಜನ ಉಳಿದೆವು ಅಂತ ದೇವರಿಗೆ ದೀಪ ಹಚ್ಚಿದೆವು.

ನಾಲ್ಕು ವಾರ ಕಳೆದ ಮೇಲೆ, ಮೇ ತಿಂಗಳ ಮೂರನೆಯ ವಾರದಲ್ಲಿ, ಅವಳಿಗೆ ಮತ್ತೆ ಜ್ವರ ಬಂತು. ಈ ಸಲ 103. ಎರಡನೆಯ ದಿನ ಹೊಟ್ಟೆನೋವು, ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಸೋಂಕು ಅಂತ ಆಂಟಿಬಯಾಟಿಕ್ ಕೊಟ್ಟರು. ಮೂರನೆಯ ದಿನ ಎರಡೂ ಕಣ್ಣು ಕೆಂಪಗಾದವು. ಕೀವಿಲ್ಲ, ನೀರಿಲ್ಲ, ಬರೀ ಕೆಂಪು. ತುಟಿ ಒಡೆದು, ಎದೆಯ ಮೇಲೆ ದದ್ದು ಎದ್ದಿತು. ನಾಲ್ಕನೆಯ ದಿನ ಬೆಳಿಗ್ಗೆ ಮೈ ಕುದಿಯುತ್ತಿದ್ದರೂ ಅಂಗಾಲು ತಣ್ಣಗಿತ್ತು. ಕರೆದರೆ ಕಣ್ಣು ಬಿಡುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು. ಸೊಸೆ ಒಂದು ಮಾತೂ ಆಡದೆ ಮಗುವನ್ನು ಎತ್ತಿಕೊಂಡು ಕಾರಿನಲ್ಲಿ ಕೂತಳು.

ಆಸ್ಪತ್ರೆಯ ಮಕ್ಕಳ ಡಾಕ್ಟರು ಅವಳನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಹೋದ ತಿಂಗಳು ಮನೆಯಲ್ಲಿ ಯಾರಿಗಾದರೂ ಕೋವಿಡ್ ಆಗಿತ್ತಾ?" ಪುಟ್ಟಿಯ ಆರ್‌ಟಿ-ಪಿಸಿಆರ್ ನೆಗೆಟಿವ್ ಬಂತು, ಆಂಟಿಬಾಡಿ ಪಾಸಿಟಿವ್. ಅಂದರೆ ವೈರಸ್ಸು ಬಂದು ಹೋಗಿದೆ. ಎಕೋ ಮಾಡಿ ನೋಡಿದರೆ ಹೃದಯ ರಕ್ತ ನೂಕುವ ಪ್ರಮಾಣ 55ಕ್ಕಿಂತ ಮೇಲಿರಬೇಕಾದದ್ದು 40ಕ್ಕೆ ಇಳಿದಿತ್ತು. ರೋಗದ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಎಂಐಎಸ್-ಸಿ. ಮಕ್ಕಳಲ್ಲಿ ಹಲವು ಅಂಗಗಳಿಗೆ ಒಮ್ಮೆಗೇ ಉರಿಯೂತ ಬರುವ ಕಾಯಿಲೆ.

ಇದನ್ನು ಡಾಕ್ಟರು ನಮಗೆ ಹೀಗೆ ಬಿಡಿಸಿ ಹೇಳಿದರು. ವೈರಸ್ಸಿನ ಜತೆ ಕಾದಾಡಲು ಮೈಯೊಳಗಿನ ಸೈನ್ಯ ಏಳುತ್ತದೆ. ಶತ್ರು ಹೋದ ಮೇಲೆ ಅದು ಮನೆಗೆ ಮರಳಬೇಕು. ಕೆಲವೇ ಕೆಲವು ಮಕ್ಕಳಲ್ಲಿ ಅದು ಮರಳುವುದಿಲ್ಲ. ಎರಡರಿಂದ ಆರು ವಾರ ಕಳೆದ ಮೇಲೆ ತನ್ನ ಊರನ್ನೇ ಸುಡಲು ಶುರು ಮಾಡುತ್ತದೆ. ಹೃದಯ, ಕರುಳು, ಚರ್ಮ, ಕಣ್ಣು, ರಕ್ತನಾಳ ಯಾವುದನ್ನೂ ಬಿಡುವುದಿಲ್ಲ. ಇದನ್ನು ಮೊದಲು ಗುರುತಿಸಿದ್ದು 2020ರ ಏಪ್ರಿಲಿನಲ್ಲಿ, ಇಂಗ್ಲೆಂಡಿನ ಡಾಕ್ಟರುಗಳು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಕ್ಷಣಗಳನ್ನು ಪಟ್ಟಿ ಮಾಡಿ ಎಲ್ಲ ದೇಶಗಳಿಗೆ ತಿಳಿಸಿತು. ನೋಡಲು ಕವಾಸಾಕಿ ಅನ್ನುವ ಹಳೆಯ ಕಾಯಿಲೆಯ ಹಾಗೆಯೇ ಇದೆ. ಅದನ್ನು ಜಪಾನಿನ ಮಕ್ಕಳ ಡಾಕ್ಟರು ತೊಮಿಸಾಕು ಕವಾಸಾಕಿ 1961ರಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನಲ್ಲಿ ಮೊದಲು ಕಂಡು, 1967ರಲ್ಲಿ ಐವತ್ತು ಮಕ್ಕಳ ವಿವರ ಬರೆದು ಪ್ರಕಟಿಸಿದರು. ಅವರು ತೀರಿಕೊಂಡದ್ದು 2020ರ ಜೂನಿನಲ್ಲಿ, ಅವರ ಕಾಯಿಲೆಗೆ ಹೀಗೊಬ್ಬ ತಮ್ಮ ಹುಟ್ಟಿದ ಕೆಲವೇ ವಾರಗಳಲ್ಲಿ.

ಔಷಧಿಯ ಲೆಕ್ಕ ಮಾತ್ರ ನನಗೆ ಕೂಡಲೇ ಅರ್ಥವಾಯಿತು. ಇಮ್ಯುನೊಗ್ಲಾಬುಲಿನ್ ಅಂತ. ಕಿಲೋ ತೂಕಕ್ಕೆ 2 ಗ್ರಾಂ. ಪುಟ್ಟಿಯ ತೂಕ 18 ಕಿಲೋ, ಅಂದರೆ 36 ಗ್ರಾಂ. ಒಂದು ಬಾಟಲಿಯಲ್ಲಿ 5 ಗ್ರಾಂ. ಏಳು ಸಾಲದು, ಎಂಟು ಬೇಕು. ಮಗ ಊರೆಲ್ಲ ಅಲೆದು ಮೂರು ಅಂಗಡಿಯಿಂದ ಎಂಟು ಬಾಟಲಿ ಕೂಡಿಸಿದ. ಒಂದೊಂದು ಬಾಟಲಿಯನ್ನೂ ಸಾವಿರಾರು ಜನ ಕೊಟ್ಟ ರಕ್ತದ ಪ್ಲಾಸ್ಮಾ ಕೂಡಿಸಿ ತಯಾರಿಸುತ್ತಾರಂತೆ. ರಾತ್ರಿಯಿಡೀ ಅದು ಹನಿಹನಿಯಾಗಿ ಇಳಿಯಿತು. ಜತೆಗೆ ಸ್ಟಿರಾಯ್ಡು. ಮುಖ ಗೊತ್ತಿಲ್ಲದ ಇಷ್ಟು ಜನ ನನ್ನ ಮೊಮ್ಮಗಳ ರಕ್ತದೊಳಗೆ ಇಳಿಯುತ್ತಿದ್ದಾರೆ ಅಂತ ಕಾರಿಡಾರಿನ ಕುರ್ಚಿಯಲ್ಲಿ ಕೂತು ಯೋಚಿಸಿದೆ. ಇಪ್ಪತ್ತೇಳು ವರ್ಷ ಈ ಊರನ್ನು ಪರಊರು ಅಂದವನು ಆ ರಾತ್ರಿ ಹಾಗೆ ಅನ್ನಲಾರದೆ ಹೋದೆ.

ಎರಡನೆಯ ದಿನಕ್ಕೆ ಜ್ವರ ಇಳಿಯಿತು. ಆಗ ನಮ್ಮ ಕೈಗೆ ಬಂದ ರಿಪೋರ್ಟುಗಳ ಕಂತೆಯಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ವಿಟಮಿನ್ ಡಿ: 8. ಎದುರಿಗೆ, 20ಕ್ಕಿಂತ ಕಡಿಮೆ ಇದ್ದರೆ ಕೊರತೆ.

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಕೊರತೆ ಅನ್ನುವ ಶಬ್ದ ಎಷ್ಟು ಸಮಾಧಾನ ಕೊಡುತ್ತದೆ ಅಂತ ಬೇರೆಯವರಿಗೆ ಹೇಳುವುದು ಕಷ್ಟ. ದಿನದ ಕೊನೆಗೆ ಕ್ಯಾಷು ತಾಳೆಯಾಗದೆ, ರಾತ್ರಿ ಒಂಬತ್ತರವರೆಗೆ ವೋಚರುಗಳನ್ನು ತಿರುವಿ ಹಾಕಿ, ಕೊನೆಗೆ ತಪ್ಪಿದ ಒಂದು ಎಂಟ್ರಿ ಸಿಕ್ಕಾಗ ಆಗುವ ಸಮಾಧಾನ ಅದು. ಸಿಕ್ಕಿತು! ಬಿಸಿಲಿಲ್ಲದ ಮನೆ, ಹೊಗೆ ಕವಿದ ಊರು, ಹದಿನಾಲ್ಕು ತಿಂಗಳ ಬಂದಿಖಾನೆ. ಅದರಿಂದ ವಿಟಮಿನ್ ಡಿ ಇಳಿಯಿತು, ಅದರಿಂದ ಈ ಉರಿ ಹೊತ್ತಿತು. ಲೆಕ್ಕ ತಾಳೆಯಾಯಿತು.

ಅಕ್ಕನಿಗೆ ಫೋನು ಮಾಡಿ ಹೇಳಿದೆ. ಬಂಡಿಹಬ್ಬದ ಹೊತ್ತು ಅದು. ಅವಳು ಅತ್ತಳು. "ನಾನು ಅವತ್ತೇ ಹೇಳ್ಲಿಲ್ವೇನೋ, ಮಗೂನ ಅಂಗಳಕ್ಕೆ ಕಳಿಸು ಅಂತ? ನಿನ್ನನ್ನ ಎಣ್ಣೆ ಹಚ್ಚಿ ಎಳೆಬಿಸಿಲಲ್ಲಿ ಮಲಗಿಸ್ತಿದ್ರು ಅವ್ವ." ಆ ಬೈಗುಳ ನನಗೆ ಬೇಕಾಗಿತ್ತು. ನನ್ನ ಲೆಕ್ಕಕ್ಕೆ ಅವಳು ರುಜು ಹಾಕಿದ ಹಾಗಾಯಿತು.

ಆರು ದಿನ ಐಸಿಯು, ಆಮೇಲೆ ಐದು ದಿನ ವಾರ್ಡು. ವಾರ್ಡಿನಲ್ಲಿ ಒಬ್ಬರು ಮಲಯಾಳಿ ನರ್ಸಮ್ಮ ಇದ್ದರು. ಪುಟ್ಟಿ ಊಟ ಮಾಡುವುದಿಲ್ಲ ಅಂದಾಗ ಅವರು ತಮ್ಮ ಊರಿನ ಅಯಿಲ ಮೀನಿನ ಸಾರಿನ ವಿಷಯ ತೆಗೆದರು. ಅದು ನಮ್ಮ ಬಂಗಡೆ. ವಿಟಮಿನ್ ಡಿ ಇರುವ ಕೆಲವೇ ಆಹಾರಗಳಲ್ಲಿ ಇಂಥ ಎಣ್ಣೆಯಂಶದ ಮೀನು ಒಂದು ಅಂತಲೂ ಅವರೇ ಹೇಳಿದರು. ಅಂಕೋಲೆಯ ಪೇಟೆಯಲ್ಲಿ ಬುಟ್ಟಿ ತುಂಬ ಬರುವ ಬಂಗಡೆ, ತಾರ್ಲೆ ನನ್ನ ಕಣ್ಣಮುಂದೆ ಬಂದವು. ದೆಹಲಿಯಲ್ಲಿ ಹುಟ್ಟಿದ ಮೊಮ್ಮಗಳಿಗೆ ಮುಳ್ಳು ತೆಗೆದುಕೊಟ್ಟರೂ ಮೀನು ಸೇರುವುದಿಲ್ಲ. ಕೊರತೆಯ ಪಟ್ಟಿಗೆ ಇನ್ನೊಂದು ಎಂಟ್ರಿ.

ಮನೆಗೆ ಬರುವಾಗ ಡಾಕ್ಟರು ಬರೆದುಕೊಟ್ಟದ್ದು: ಕಡಿಮೆ ಪ್ರಮಾಣದ ಆಸ್ಪಿರಿನ್, ದಿನೇ ದಿನೇ ಇಳಿಸಬೇಕಾದ ಸ್ಟಿರಾಯ್ಡು, ಮತ್ತು ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ಹನಿ. ಎರಡು ವಾರಕ್ಕೆ, ಆರು ವಾರಕ್ಕೆ ಎಕೋ. ಕೆಲವು ತಿಂಗಳು ಓಡಾಟದ ಆಟ ಬೇಡ. ಇಮ್ಯುನೊಗ್ಲಾಬುಲಿನ್ ಕೊಟ್ಟಿರುವುದರಿಂದ ದಡಾರದಂಥ ಕೆಲವು ಲಸಿಕೆಗಳನ್ನು ಹನ್ನೊಂದು ತಿಂಗಳು ಮುಂದೂಡಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ದಿನಕ್ಕೆ 2000 ಅನ್ನುವುದು ನನಗೆ ಬಡ್ಡಿ ಮಾತ್ರ ಕಟ್ಟಿದ ಹಾಗೆ ಕಂಡಿತು. ಅಸಲು ಯಾವಾಗ ತೀರಬೇಕು? ನನ್ನ ಮೊಣಕಾಲು ನೋವಿಗೆಂದು ಡಾಕ್ಟರು ವಾರಕ್ಕೊಂದರಂತೆ ಬರೆದುಕೊಟ್ಟ ಪುಡಿಯ ಪೊಟ್ಟಣಗಳು ಮನೆಯಲ್ಲಿದ್ದವು. ಒಂದರಲ್ಲಿ 60,000 ಯೂನಿಟ್. ದೊಡ್ಡವರಿಗೆ ಕೊಡುವುದು. ಯಾರಿಗೂ ಹೇಳದೆ ಒಂದನ್ನು ಅವಳ ಹಾಲಿಗೆ ಬೆರೆಸಿದೆ. ಮರುದಿನ ಇನ್ನೊಂದು. ಮೂರನೆಯ ದಿನ ಸೊಸೆ ಕಸದ ಬುಟ್ಟಿಯಲ್ಲಿ ಖಾಲಿ ಪೊಟ್ಟಣ ನೋಡಿದಳು.

ನನ್ನ ಸೊಸೆ ದೆಹಲಿಯಲ್ಲೇ ಹುಟ್ಟಿದವಳು, ಲೋದಿ ಎಸ್ಟೇಟಿನ ಕನ್ನಡ ಶಾಲೆಯಲ್ಲಿ ಓದಿದವಳು. ಅವಳು ನನಗೆ ಎದುರಾಡಿದ್ದು ಆವರೆಗೆ ಇಲ್ಲ. ಅವತ್ತೂ ದನಿ ಏರಿಸಲಿಲ್ಲ. "ಮಾವ, ನೀವು ಪುಟ್ಟಿಗೆ ಏನು ಕೊಟ್ರಿ?" ಅಂತ ಮಾತ್ರ ಕೇಳಿದಳು. ಹೇಳಿದೆ. ಅವಳು ಒಂದು ನಿಮಿಷ ಸುಮ್ಮನೆ ನಿಂತು, ಔಷಧಿ ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಮೂರು ದಶಕ ಬ್ಯಾಂಕಿನ ತಿಜೋರಿಯ ಬೀಗದ ಕೈ ಇಟ್ಟುಕೊಂಡಿದ್ದ ನನಗೆ ಅದು ಚೆನ್ನಾಗಿ ಅರ್ಥವಾಯಿತು.

ಡಾಕ್ಟರ ಬಳಿ ಮೂವರೂ ಹೋದೆವು. ಅವರು ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಿದರು. ಪುಣ್ಯಕ್ಕೆ ಸರಿ ಇತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ನೀವು ಬ್ಯಾಂಕಿನವರಲ್ವಾ? 60,000ವನ್ನು 2000ದಿಂದ ಭಾಗಿಸಿ." ಮೂವತ್ತು. ಒಂದು ಲೋಟ ಹಾಲಿನಲ್ಲಿ ಮಗುವಿನ ಒಂದು ತಿಂಗಳ ಡೋಸು ಕೊಟ್ಟಿದ್ದೆ, ಎರಡು ದಿನದಲ್ಲಿ ಎರಡು ತಿಂಗಳದ್ದು. "ಎರಡು ತಿಂಗಳು ಹನಿ ನಿಲ್ಲಿಸಿ" ಅಂದರು. ವಿಟಮಿನ್ ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಡಿ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗುವಂಥದ್ದು, ಮೈಯಲ್ಲೇ ಕೂರುತ್ತದೆ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಬಾಯಾರಿಕೆ, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ನಾನು ಇನ್ನೂ ನಾಲ್ಕು ದಿನ ಹಾಗೇ ಮುಂದುವರಿಸಿದ್ದರೆ ಅನ್ನುವ ಮಾತನ್ನು ಅವರು ಪೂರ್ತಿ ಮಾಡಲಿಲ್ಲ.

ಆಗಲೂ ನಾನು ಬಿಡಲಿಲ್ಲ. "ಆದರೆ ಡಾಕ್ಟ್ರೇ, ಕಾರಣ ಅದೇ ತಾನೆ? 8 ಇತ್ತಲ್ಲ?" ಅಂದೆ.

ಅವರು ಪೆನ್ನು ಕೆಳಗಿಟ್ಟು ಸಮಾಧಾನದಿಂದಲೇ ಹೇಳಿದರು. "ಅಂಕಲ್, ಮನೆಗೆ ಬೆಂಕಿ ಬಿದ್ದಾಗ ಬಾವಿಯ ನೀರು ಇಳಿಯುತ್ತದೆ. ನೀರು ಕಡಿಮೆ ಇದ್ದುದರಿಂದ ಬೆಂಕಿ ಹತ್ತಿತೋ, ಬೆಂಕಿ ಹತ್ತಿದ್ದರಿಂದ ನೀರು ಇಳಿಯಿತೋ? ನಾವು ರಕ್ತ ತೆಗೆದದ್ದು ಬೆಂಕಿ ಉರಿಯುತ್ತಿದ್ದಾಗ." ಮೈಯಲ್ಲಿ ಜೋರಾದ ಉರಿಯೂತ ಇದ್ದಾಗ ವಿಟಮಿನ್ ಡಿಯ ಅಂಕಿ ತಾನಾಗಿಯೇ ಇಳಿಯುತ್ತದಂತೆ. ಪುಟ್ಟಿಯದು ಕಾಯಿಲೆಗೆ ಮೊದಲು ಎಷ್ಟಿತ್ತೋ ಯಾರೂ ಅಳೆದಿರಲಿಲ್ಲ. ಓಪನಿಂಗ್ ಬ್ಯಾಲೆನ್ಸ್ ಇಲ್ಲದೆ ನಾನು ಇಡೀ ಲೆಕ್ಕ ಬರೆದು ಮುಗಿಸಿದ್ದೆ.

ಆ ಮೇಲಿನ ತಿಂಗಳುಗಳಲ್ಲಿ ನಾನು ಈ ವಿಷಯ ಸಾಕಷ್ಟು ಓದಿದೆ. ನಿವೃತ್ತನಿಗೆ ಬೇರೆ ಕೆಲಸ ಏನು? ನನ್ನ ಊಹೆ ಪೂರ್ತಿ ಹುಚ್ಚಲ್ಲ ಅಂತ ತಿಳಿಯಿತು. ಸೂರ್ಯನ ಒಂದು ಬಗೆಯ ಕಿರಣ ಚರ್ಮಕ್ಕೆ ತಾಗಿದಾಗ ಅಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ಯಕೃತ್ತು, ಮೂತ್ರಪಿಂಡ ದಾಟಿ ಕೆಲಸಕ್ಕೆ ಬರುವ ರೂಪ ಪಡೆಯುತ್ತದೆ. ಅದರ ಮುಖ್ಯ ಕೆಲಸ ಮೂಳೆಯದು. ಅದಿಲ್ಲದೆ ಮಕ್ಕಳ ಕಾಲು ಬಾಗುತ್ತದೆ, ರಿಕೆಟ್ಸ್ ಬರುತ್ತದೆ. ಆದರೆ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಅದರ ಮಾತು ಕೇಳುತ್ತವೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಸ್ತುವನ್ನು ತಯಾರಿಸಲು ಅದು ನೆರವಾಗುತ್ತದೆ, ಉರಿಯೂತ ಅತಿಯಾಗದಂತೆ ಲಗಾಮು ಹಿಡಿಯುವುದರಲ್ಲೂ ಅದಕ್ಕೆ ಪಾಲಿದೆ. ಎಂಐಎಸ್-ಸಿ ಆದ ಮಕ್ಕಳಲ್ಲಿ ವಿಟಮಿನ್ ಡಿ ಕಡಿಮೆ ಇದ್ದದ್ದನ್ನು ಬೇರೆ ಬೇರೆ ದೇಶದ ಡಾಕ್ಟರುಗಳು ಕಂಡು ಬರೆದಿದ್ದಾರೆ. ಆದರೆ ಅವೆಲ್ಲ ಚಿಕ್ಕ ಅಧ್ಯಯನಗಳು, ಮತ್ತು ಬಾವಿ-ಬೆಂಕಿಯ ಪ್ರಶ್ನೆ ಅಲ್ಲೂ ಹಾಗೇ ನಿಂತಿದೆ.

ದೆಹಲಿಯ ಬಗ್ಗೆ ನಾನು ಅಂದುಕೊಂಡದ್ದೂ ಸುಳ್ಳಲ್ಲ. ಇಲ್ಲಿಯ ಡಾಕ್ಟರುಗಳೇ 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಹೊಗೆ ಹೆಚ್ಚಿರುವ ಮೋರಿ ಗೇಟಿನ ಪುಟ್ಟ ಮಕ್ಕಳನ್ನೂ, ಆಗ ಗಾಳಿ ಇನ್ನೂ ತಿಳಿಯಾಗಿದ್ದ ಗುರ್‌ಗಾಂವಿನ ಮಕ್ಕಳನ್ನೂ ಹೋಲಿಸಿದಾಗ, ಮೋರಿ ಗೇಟಿನವರ ವಿಟಮಿನ್ ಡಿ ಸರಾಸರಿ ಸುಮಾರು 12, ಗುರ್‌ಗಾಂವಿನವರದು 27. ಆ ಕಿರಣವನ್ನು ಹೊಗೆ ತಡೆಯುತ್ತದೆ. ಕಿಟಕಿಯ ಗಾಜಂತೂ ಪೂರ್ತಿ ತಡೆಯುತ್ತದೆ. ನಮ್ಮ ಬಾಲ್ಕನಿಯ ಒಂದು ಗಂಟೆಯ ಬಿಸಿಲು ಲೆಕ್ಕಕ್ಕೇ ಬರುವಂಥದ್ದಲ್ಲ. ಇನ್ನೊಂದು ವಿಷಯ ಅಕ್ಕನಿಗೆ ಹೇಳಿದರೆ ಅವಳು ಇವತ್ತಿಗೂ ಒಪ್ಪುವುದಿಲ್ಲ: ಎಳೆಬಿಸಿಲಿನಲ್ಲಿ ಆ ಕಿರಣ ಬಹಳ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗುವ ಹೊತ್ತಿನ, ಅಂದರೆ ಅವ್ವ ಬಯ್ಯುತ್ತಿದ್ದ ಹೊತ್ತಿನ ಬಿಸಿಲೇ ಅದಕ್ಕೆ ಬೇಕು. ಸ್ವಲ್ಪ ಹೊತ್ತು ಸಾಕು.

ಆದರೆ ಲೆಕ್ಕ ಎಲ್ಲಿ ಮುರಿಯಿತು ಅಂದರೆ ಇಲ್ಲಿ. 2016ರಿಂದ 2018ರವರೆಗೆ ದೇಶದಾದ್ಯಂತ ಮಕ್ಕಳ ಪೌಷ್ಟಿಕತೆಯ ಸರ್ಕಾರಿ ಸಮೀಕ್ಷೆ ನಡೆಯಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 14, ಐದರಿಂದ ಒಂಬತ್ತರವರಲ್ಲಿ 18, ಹದಿಹರೆಯದವರಲ್ಲಿ 24 ಮಂದಿಗೆ ವಿಟಮಿನ್ ಡಿ ಕೊರತೆ ಇತ್ತು. ಕೊರತೆ ಇರುವ ಮಕ್ಕಳು ದೇಶದ ತುಂಬ ಇದ್ದಾರೆ, ಈ ಕಾಯಿಲೆಯಾದರೋ ಅಪರೂಪದ್ದು. ಕಾರಣ ಅದೊಂದೇ ಆಗಿದ್ದರೆ ನಮ್ಮ ಬ್ಲಾಕಿನ ಎಷ್ಟು ಮಕ್ಕಳು ಆ ವಾರ್ಡಿನಲ್ಲಿ ಇರಬೇಕಿತ್ತು? ಇನ್ನು, ಗುಳಿಗೆ ನುಂಗಿ ತಡೆಯಬಹುದೇ ಅನ್ನುವುದು. ನಾರ್ವೆಯಲ್ಲಿ ಸುಮಾರು 34 ಸಾವಿರ ದೊಡ್ಡವರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ದಿನಾ ಒಂದು ಚಮಚ ಕಾಡ್ ಲಿವರ್ ಎಣ್ಣೆ ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ಕೋವಿಡ್ ಬರುವುದು ಅದರಿಂದ ಕಡಿಮೆಯಾಗಲಿಲ್ಲ. ಅದು ದೊಡ್ಡವರ ವಿಷಯ, ಬಹುಪಾಲು ಕೊರತೆ ಇಲ್ಲದವರದು, ನಿಜ. ಆದರೂ ನನ್ನ ಪೊಟ್ಟಣದ ಮೇಲಿದ್ದ ಭಕ್ತಿ ಇಳಿಯಲು ಅಷ್ಟು ಸಾಕಾಯಿತು.

ಬ್ಯಾಂಕಿನಲ್ಲಿ ಎಷ್ಟು ಹುಡುಕಿದರೂ ವ್ಯತ್ಯಾಸದ ಮೂಲ ಸಿಗದಿದ್ದರೆ ಆ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಸಿಕ್ಕ ಯಾವುದೋ ಗಿರಾಕಿಯ ಖಾತೆಗೆ ಬರೆದು ತಾಳೆ ಮಾಡುವುದು ಅಪರಾಧ. ನಾನೇ ಕಿರಿಯ ಅಧಿಕಾರಿಗಳಿಗೆ ಎಷ್ಟು ಸಲ ಪಾಠ ಹೇಳಿದ್ದೆ! ಮನೆಯ ವಿಷಯದಲ್ಲಿ ನಾನೇ ಅದನ್ನು ಮಾಡಿದೆ. ಯಾಕೆ ಮಾಡಿದೆ ಅಂತ ನನಗೆ ಗೊತ್ತಿತ್ತು.

ಆ ಏಪ್ರಿಲಿನ ಮೊದಲ ವಾರದಲ್ಲಿ ನಾನು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಶಾಖೆಗೆ ಹೋಗಿದ್ದೆ. ಏನೂ ಅವಸರ ಇರಲಿಲ್ಲ. ಪಿಂಚಣಿ ಬಂದದ್ದು ಮೊಬೈಲಿನಲ್ಲೇ ಕಾಣುತ್ತಿತ್ತು. ಕೌಂಟರಿನ ಸದ್ದು ಕೇಳಬೇಕು, ಹಳೆಯ ಸಹೋದ್ಯೋಗಿಗಳ ಜತೆ ಒಂದು ಟೀ ಕುಡಿಯಬೇಕು ಅನ್ನುವ ಚಟ. ಮಾಸ್ಕು ಕೆಳಗಿಳಿಸಿ ಟೀ ಕುಡಿದೆ. ನಾಲ್ಕನೆಯ ದಿನ ಮನೆಯಲ್ಲಿ ಮೊದಲ ಜ್ವರ ನನಗೇ ಬಂತು. ಮೊಮ್ಮಗಳನ್ನು ಪಾರ್ಕಿಗೂ ಬಿಡದ ಕಾವಲುಗಾರ ತಾನೇ ಗೇಟು ತೆರೆದಿಟ್ಟಿದ್ದ. ತಪ್ಪು ಬಿಸಿಲಿನದು, ಹೊಗೆಯದು, ದೆಹಲಿಯದು ಅಂತಾದರೆ ಲೆಡ್ಜರಿನಲ್ಲಿ ನನ್ನ ಹೆಸರು ಬರುವುದಿಲ್ಲ. ಆ 8 ಅನ್ನುವ ಅಂಕಿಯನ್ನು ನಾನು ಅಷ್ಟು ಬಿಗಿಯಾಗಿ ಹಿಡಿದುಕೊಂಡದ್ದು ಅದಕ್ಕೇ.

ಇದನ್ನು ಸೊಸೆಗೆ ಹೇಳಲು ನನಗೆ ಏಳು ತಿಂಗಳು ಬೇಕಾಯಿತು. ಡಿಸೆಂಬರಿನ ಒಂದು ಭಾನುವಾರ, ಮಧ್ಯಾಹ್ನ, ಪಾರ್ಕಿನ ಬೆಂಚಿನ ಮೇಲೆ. ಪುಟ್ಟಿ ಎದುರಿಗೆ ಜಾರುಬಂಡಿಯಲ್ಲಿ ಜಾರುತ್ತಿದ್ದಳು. ಓಡಿ ಆಡಲು ಡಾಕ್ಟರು ಹಿಂದಿನ ವಾರವಷ್ಟೇ ಒಪ್ಪಿಗೆ ಕೊಟ್ಟಿದ್ದರು. ಸೊಸೆ ಶೇಂಗಾ ಸುಲಿಯುತ್ತ ಕೇಳಿಸಿಕೊಂಡಳು. "ಗೊತ್ತಿತ್ತು ಮಾವ" ಅಂದಳು. "ನಿಮಗೇ ಮೊದಲು ಜ್ವರ ಬಂದದ್ದು ನಾವೆಲ್ಲ ನೋಡಿದ್ವಲ್ಲ. ಅದೇ ವಾರ ಇವರೂ ಆಫೀಸಿಗೆ ಹೋಗಿದ್ರು, ನಾನೂ ತರಕಾರಿಗೆ ಹೋಗಿದ್ದೆ. ಯಾರಿಂದ ಬಂತು ಅಂತ ಯಾರು ಹೇಳ್ತಾರೆ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಳು, "ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಹಾಲಲ್ಲಿ ಪುಡಿ ಹಾಕಿ ಸುಮ್ಮನಿದ್ರಲ್ಲ, ಅದಕ್ಕೆ." ಕೈಯಲ್ಲಿದ್ದ ಶೇಂಗಾವನ್ನು ಅರ್ಧ ನನ್ನ ಕೈಗೆ ಹಾಕಿದಳು.

ಕಪಾಟಿನ ಬೀಗದ ಕೈ ಮಾತ್ರ ಇನ್ನೂ ಅವಳ ಹತ್ತಿರವೇ ಇದೆ. ನಾನೂ ಕೇಳಿಲ್ಲ.

2022ರ ಮೇ ತಿಂಗಳಲ್ಲಿ ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಎಲ್ಲರೂ ಊರಿಗೆ ಹೋದೆವು. ಅಕ್ಕ ಪುಟ್ಟಿಯ ಮೈಗೆ ಎಣ್ಣೆ ಹಚ್ಚಿ ಬೆಳಿಗ್ಗೆ ಏಳು ಗಂಟೆಗೇ ಅಂಗಳಕ್ಕೆ ಬಿಟ್ಟಳು. ನಾನು ಕಿರಣದ ಕಥೆ ಹೇಳಹೋದರೆ, "ನಿನ್ನ ಲೆಕ್ಕ ಬ್ಯಾಂಕಲ್ಲಿ ಇಟ್ಕೊ" ಅಂದಳು. ಹನ್ನೊಂದು ಗಂಟೆಗೆ ಮಗು ಇನ್ನೂ ಅಂಗಳದಲ್ಲೇ ಕೋಳಿಯ ಹಿಂದೆ ಓಡುತ್ತಿತ್ತು. ಹಾಗಾಗಿ ಇಬ್ಬರ ಮಾತೂ ಉಳಿಯಿತು. ಮಧ್ಯಾಹ್ನ ತಾರ್ಲೆ ಹುರಿದಿದ್ದರು. ಒಂದು ತುಂಡು ಬಾಯಿಗಿಟ್ಟು ಉಗಿದಳು. ಅಕ್ಕ ನಕ್ಕು ಮೊಸರನ್ನ ಕಲಸಿದಳು.

ಈಗ ಪುಟ್ಟಿಗೆ ಒಂಬತ್ತು ದಾಟಿದೆ. ಹೃದಯ ಸರಿಯಾಗಿದೆ, ಸ್ಕೂಲಿನ ಓಟದಲ್ಲಿ ಇರುತ್ತಾಳೆ. ವಿಟಮಿನ್ ಡಿಯನ್ನು ಡಾಕ್ಟರು ಹೇಳಿದಾಗ, ಹೇಳಿದಷ್ಟು, ಅವಳಮ್ಮ ಕೊಡುತ್ತಾಳೆ. ಅದು ಮೂಳೆಗೆ ಬೇಕು, ಕೊರತೆ ಇದ್ದರೆ ತುಂಬಲೇಬೇಕು. ಅದಕ್ಕಿಂತ ಹೆಚ್ಚಿನದನ್ನು ಅದರ ಹೆಗಲಿಗೆ ಹೊರಿಸಬೇಡಿ ಅಂತ ಊರಿನಲ್ಲಿರುವ ನನ್ನಂಥ ಅಜ್ಜಂದಿರಿಗೆ ಹೇಳಬೇಕು ಅನ್ನಿಸಿತು. ಮಗುವಿಗೆ ಜ್ವರ ಮೂರು ದಿನ ಬಿಡದೆ, ಕಣ್ಣು ಕೆಂಪಾಗಿ, ಮೈಮೇಲೆ ದದ್ದು, ಹೊಟ್ಟೆನೋವು ಕಂಡರೆ ಪೊಟ್ಟಣ ಹುಡುಕಬೇಡಿ, ಮಕ್ಕಳ ಡಾಕ್ಟರ ಹತ್ತಿರ ಓಡಿ. ಹಿಂದಿನ ತಿಂಗಳು ಮನೆಯಲ್ಲಿ ಯಾರಿಗೆ ಏನಾಗಿತ್ತು ಅಂತ ಅವರು ಕೇಳಿದಾಗ ಮುಚ್ಚಿಡದೆ ಹೇಳಿ.

ಊರಿನ ಮನೆಗೆ ಹೊಸ ಹಂಚು ಹಾಕಿಸಿದ್ದೇವೆ, ಹೋಗಿ ಇರುವುದು ಇನ್ನೂ ಆಗಿಲ್ಲ. ಚಳಿಗಾಲದಲ್ಲಿ ಶಾಲೆಗೆ ರಜೆ ಇದ್ದ ದಿನ, ನೆರಳು ಗಿಡ್ಡವಾಗುವುದನ್ನು ಕಾದು, ಪುಟ್ಟಿಯನ್ನು ಕರೆದುಕೊಂಡು ಪಾರ್ಕಿಗೆ ಹೋಗುತ್ತೇನೆ. ಚಳಿಗಾಲದ ದೆಹಲಿಯಲ್ಲಿ ಕೆಲವು ದಿನ ನಡು ಮಧ್ಯಾಹ್ನಕ್ಕೂ ನೆರಳು ಗಿಡ್ಡವಾಗುವುದೇ ಇಲ್ಲ. ಆದರೂ ಹೋಗುತ್ತೇವೆ. ಶೇಂಗಾ ತಿನ್ನುತ್ತ ಒಂದು ಗಂಟೆ ಕೂತು ಬರುತ್ತೇವೆ.